ಕಮಾನಿನ ಮೇಲಿನ ಯಂಕೋಬ

"ಏ ಸೂಳೆಮಗನ, ಮ್ಯಾಲೇನು ಮಕ್ಕೊಂಡಿಯೇನಲೇ? ಒಡಿ ಅಂದ್ರ ಕೈಯಾಡಸ್ಕೊಂತ ಕುಂತಾನ ನೋಡು, ನಿಮ್ಮವ್ವನ ಗಲ್ಲ ಇದ್ದಂಗ!"

ಕಾರಿನ ನೆರಳಿನಲ್ಲಿ ನಿಂತು ಶಿವಕಾಂತ ಕೂಗುತ್ತಿದ್ದ. ಕ್ರೀಡಾಂಗಣದ ಕಮಾನಿಗೆ ಕಟ್ಟಿದ ಅಟ್ಟದ ಮೇಲೆ ಗಾದಿಲಿಂಗ ಕುಕ್ಕರಗಾಲಿನಲ್ಲಿ ಕೂತಿದ್ದ. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ. ಬೆಳಿಗ್ಗೆ ಕೂಲಿಗೆ ಕರೆದಾಗ ಕಮಾನಿನ ರಿಪೇರಿ ಎಂದಷ್ಟೇ ಹೇಳಿದ್ದರು. ಮೇಲೆ ಹತ್ತಿದ ಮೇಲೆ ತಿಳಿಯಿತು, ಒಡೆಯಬೇಕಾದದ್ದು ಸಿಮೆಂಟಿನ ಅಕ್ಷರಗಳನ್ನು. 'ಯಂಕೋಬ ಕ್ರೀಡಾಂಗಣ'. ಅದರಲ್ಲಿ 'ಕ್ರೀಡಾಂಗಣ' ಆಗಲೇ ಪುಡಿಯಾಗಿ ಕೆಳಗೆ ಬಿದ್ದಿತ್ತು. ಉಳಿದದ್ದರ ಮೇಲೆ ಅವನ ಕೈ ಏಳಲಿಲ್ಲ.

"ಸಾವ್ಕಾರ್ರ, ಇದು ನಮ್ಮಣ್ಣನ ಹೆಸರ್ರಿ."

"ನಿಮ್ಮಣ್ಣನ ಹೆಸರಿದ್ರ ನಿನ್ನ ಗುಡಿಸಲಕ್ಕ ಬರಕೋ ಹೋಗು. ಇದು ಈಗ ನಮ್ಮದು. ಒಡಿತೀಯೋ, ಇಳಿತೀಯೋ? ನಿನ್ನಂಥ ನಾಯಿಗೋಳು ಬಸ್‌ಸ್ಟ್ಯಾಂಡಿನ್ಯಾಗ ಬೇಕಾದಷ್ಟು ನಿಂತಾವ."

ಇಳಿಯಬಹುದಿತ್ತು. ಆದರೆ ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಗೊರೇಬಾಳದಿಂದ ದಢೇಸುಗೂರಿನವರೆಗೆ ಗದ್ದೆಗಳೆಲ್ಲ ಬಾಯಿಬಿಟ್ಟುಕೊಂಡು ಬಿದ್ದಿದ್ದವು. ಶಿವಕಾಂತನ ಕೆಲಸ ಬಿಟ್ಟರೆ ಕೇರಿಯ ಗಂಡಸರಿಗೆ ಬೇರೆ ಕೂಲಿ ಇರಲಿಲ್ಲ.

ಗಾದಿಲಿಂಗ ಉಳಿಯನ್ನು 'ಬ'ದ ಹೊಟ್ಟೆಗೆ ಇಟ್ಟು ಹೊಡೆದ.

ಆ ಕ್ರೀಡಾಂಗಣ ಕಟ್ಟುವಾಗ ಗುತ್ತಿಗೆದಾರನಾಗಿದ್ದವನು ಶಿವಕಾಂತನ ಅಪ್ಪ ವಿರೂಪಾಕ್ಷಪ್ಪ. ಈಗ ಅಪ್ಪ ಮಗ ಇಬ್ಬರದೂ ಅಕ್ಕಿ ಕಂಪನಿ. ಗ್ಯಾಲರಿಗೆ ಸ್ಲ್ಯಾಬು ಹಾಕುವ ದಿನ, ಕೆಳಗೆ ಆನಿಕೆ ಕೊಟ್ಟಿದ್ದ ಕಟ್ಟಿಗೆಗಳನ್ನು ಹುಳ ತಿಂದಿವೆ ಎಂದು ಅಲ್ಲೇ ಕೂಲಿಗಿದ್ದ ಯಂಕೋಬ ಹೇಳಿದ್ದ. "ನೀ ಎಂಜಿನೀರ ಏನಲೇ?" ಎಂದು ಎಲ್ಲರೂ ನಕ್ಕಿದ್ದರು. ಮಧ್ಯಾಹ್ನ ಸ್ಲ್ಯಾಬು ಕುಸಿಯಿತು. ಹಸಿ ಕಾಂಕ್ರೀಟಿನಿಂದ ಅವನನ್ನು ಕಿತ್ತು ತೆಗೆದಾಗ ಬಾಯಿ ಮೂಗಿನಲ್ಲೆಲ್ಲ ಸಿಮೆಂಟು ತುಂಬಿತ್ತು.

ಕೇರಿಯವರು ಹೆಣವನ್ನು ಗೇಟಿನ ಎದುರಿಗೆ ಮಲಗಿಸಿ ಕೂತರು. ಮಸ್ಕಿ, ಲಿಂಗಸುಗೂರಿನ ಕಡೆಯಿಂದಲೂ ಮಂದಿ ಬಂದು ಸೇರಿದರು. ಪೊಲೀಸರು ಬಂದರು, ದೊಡ್ಡವರು ಬಂದರು. ರೊಕ್ಕ ಕೊಡುತ್ತೇವೆ ಅಂದರು, ಹೊಲ ಕೊಡುತ್ತೇವೆ ಅಂದರು, ನೌಕರಿ ಅಂದರು. ಹೆಣ ನಾರತೊಡಗಿದಾಗ, ಕ್ರೀಡಾಂಗಣಕ್ಕೆ ಅವನ ಹೆಸರೇ ಇಡುತ್ತೇವೆ ಅಂದರು. ರೊಕ್ಕ ಬರಲಿಲ್ಲ, ಹೊಲ ಬರಲಿಲ್ಲ. ಹೆಸರಿಗೆ ಖರ್ಚಿರಲಿಲ್ಲ, ಹಾಗಾಗಿ ಅದೊಂದು ಬಂತು.

ಬಂದದ್ದು ಊರಿನ ಬಾಯಿಗೂ ಹತ್ತಿತು. ಬಸ್‌ಸ್ಟ್ಯಾಂಡಿನಲ್ಲಿ ಟಂಟಂ ಆಟೋ ಹೊಡೆಯುವ ಕರೀಂಸಾಬ್ ಬೆಳಗಾದರೆ "ಯಂಕೋಬ, ಯಂಕೋಬ, ಯಾರ್ರೀ ಯಂಕೋಬ!" ಎಂದು ಕೂಗಿ ಮಂದಿ ತುಂಬುತ್ತಿದ್ದ. ಯಂಕೋಬ ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಇಳಿಯುವ ಜಾಗ, ಅಷ್ಟೆ. ಯಂಕೋಬನ ಹೆಂಡತಿ ಆದಮ್ಮ ಮಾತ್ರ ಆ ಟಂಟಂನಲ್ಲಿ ಕೂತಾಗೆಲ್ಲ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು.

ಗಾದಿಲಿಂಗ ಸಂಜೆ ಮನೆಗೆ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಅವನು ಕೈತೊಳೆಯದೆ ಗೋಡೆಗೆ ಆತು ಕೂತ.

"ಯಾಕಪಾ ಲಿಂಗಾ, ಮೈಯೆಲ್ಲ ಸಿಮೆಂಟ್ ಪುಡಿ? ಏನ ಒಡದು ಬಂದಿ?"

ತಟ್ಟೆಗೆ ಬಿದ್ದ ರೊಟ್ಟಿ ತಣ್ಣಗಾಯಿತು.

"ನಾ ಒಡಿಲಿಲ್ಲಂದ್ರ ಇನ್ನೊಬ್ಬ ಒಡೀತಿದ್ದ, ಅತ್ತಿಗಿ," ಅಂದ ಕೊನೆಗೆ. "ಅಣ್ಣನ ಹೆಸರ ತಗದ್ರು. ಈರಪಾಕ್ಷಪ್ಪನ ಅಕ್ಕಿ ಹೆಸರ ಹಾಕ್ತಾರಂತ."

ಆದಮ್ಮ ಬೈಯಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಅದನ್ನು ತಿರುವುವುದು ಅವಳಿಗೆ ನೆನಪಾಗಲಿಲ್ಲ.

ಮರುದಿನ ಅವಳು ಕ್ರೀಡಾಂಗಣ ಸಮಿತಿಯ ಆಫೀಸಿಗೆ ಹೋದಳು. ಬಾಗಿಲಲ್ಲಿ ಬಹಳ ಹೊತ್ತು ನಿಂತ ಮೇಲೆ ಸಾಹೇಬ ಫೋನಿನಿಂದ ತಲೆ ಎತ್ತಿದ.

"ಏನಬೇ? ಅಲ್ಲೇ ನಿಂತು ಹೇಳು, ಈಗಷ್ಟೇ ನೆಲ ಒರಸ್ಯಾರ."

"ಕಮಾನಿನ್ಯಾಗಿನ ಹೆಸರ ತಗದಾರ್ರಿ. ನನ್ನ ಗಂಡಂದು."

"ಅದಾ? ಈಗ ಎಲ್ಲಾ ಕಡೆ ಹಿಂಗ ಐತಿ. ಸ್ಟೇಡಿಯಂ ನಡಸಾಕ ರೊಕ್ಕ ಬೇಕು. ಯಾವ ಕಂಪನಿ ಕೊಡ್ತೈತೋ, ಅದರ ಹೆಸರ ಇಡಬೇಕು. ಇನ್ನು ಮುಂದ ಅದು ಮುತ್ತಿನಸಿರಿ ರೈಸ್ ಅರೆನಾ."

"ಅರೆ ಅಂದ್ರ ಅರ್ಧ ಏನ್ರಿ? ಉಳದರ್ಧ ನನ್ನ ಗಂಡಂದು ಇರ್ತೈತೇನ್ರಿ?"

ಪಕ್ಕದ ಟೇಬಲ್ಲಿನ ಗುಮಾಸ್ತ ಫಕ್ಕನೆ ನಕ್ಕ. ಸಾಹೇಬನೂ ನಕ್ಕ. ಆದಮ್ಮನಿಗೆ ತಾನೇನು ತಪ್ಪು ಆಡಿದೆನೆಂದು ತಿಳಿಯಲಿಲ್ಲ.

"ಅರೆನಾ ಅಂದ್ರ ಮೈದಾನಬೇ, ಮೈದಾನ."

"ಅವತ್ತು ನೀವಽ ಕೊಟ್ಟದ್ದಲ್ಲೇನ್ರಿ ಹೆಸರು? ಜೀವಕ್ಕ ಬದಲಿ ಕೊಟ್ಟದ್ದನ್ನ ಹ್ಯಾಂಗ ಮಾರ್ತೀರಿ?"

"ನಾ ಕೊಟ್ಟಿಲ್ಲ, ಆಗಿನವರು ಕೊಟ್ಟಾರ." ಸಾಹೇಬ ಮತ್ತೆ ಫೋನು ಕೈಗೆತ್ತಿಕೊಂಡ. ಅವಳು ಹೊಸ್ತಿಲು ಬಿಟ್ಟು ಕದಲದ್ದನ್ನು ಕಂಡು ದನಿ ಇಳಿಸಿದ. "ಪೂರಾ ತಗಿಯೂದಿಲ್ಲ ತಗೋ. ಒಂದು ಕಡೆ ಅವನ ಹೆಸರ ಉಳಸ್ತೀವಿ. ಉದ್ಘಾಟನೆಗೆ ಬಾ, ನಿನಗ ಸನ್ಮಾನನೂ ಐತಿ. ಈಗ ನಡಿ."

ಆ ಒಂದು ಮಾತನ್ನು ಅವಳು ಕೇರಿಯವರೆಗೂ ಹೊತ್ತು ತಂದಳು. ಗ್ಯಾಲರಿಗೆ ಇಡಬಹುದು ಅಂದುಕೊಂಡಳು. ಅವನು ಸತ್ತ ಜಾಗವೂ ಅದೇ. ಗ್ಯಾಲರಿಗೆ ಇಟ್ಟರೆ ಸಾಕು ಎಂದು ಗಾದಿಲಿಂಗನಿಗೂ ಹೇಳಿದಳು. ಅವನು ಹೂಂ ಅಂದ. ಬೇರೇನನ್ನಾದರೂ ಅನ್ನುವ ಮುಖ ಅವನಿಗಿರಲಿಲ್ಲ.

ಉದ್ಘಾಟನೆಯ ದಿನ ಆದಮ್ಮ ತವರಿನವರು ಕೊಟ್ಟಿದ್ದ ಸೀರೆ ಉಟ್ಟು ಹೋದಳು. ಕಮಾನಿನ ಮೇಲೆ ಹೊಸ ಅಕ್ಷರಗಳು ಹಗಲಲ್ಲೇ ದೀಪ ಹಚ್ಚಿಕೊಂಡು ನಿಂತಿದ್ದವು. ಕರೀಂಸಾಬನ ಟಂಟಂಗೂ ಅಕ್ಕಿಚೀಲದ ಚಿತ್ರ ಅಂಟಿಸಿದ್ದರು. ಅವಳನ್ನು ಕಂಡು ಅವನು ತಲೆ ತಗ್ಗಿಸಿದ. "ಹೊಸಾ ಹೆಸರ ಕೂಗಲಿಲ್ಲಂದ್ರ ಸ್ಟ್ಯಾಂಡಿನ್ಯಾಗ ನಿಲ್ಲಾಕ ಬಿಡೂದಿಲ್ಲ ಅಂತಾರ, ಯಕ್ಕ."

ವೇದಿಕೆಯಲ್ಲಿ ಸಾಲಾಗಿ ಕುರ್ಚಿಗಳಿದ್ದವು, ಪ್ರತಿ ಕುರ್ಚಿಯ ಎದುರು ನೀರಿನ ಬಾಟಲಿ. ಆದಮ್ಮನನ್ನು ಮೆಟ್ಟಿಲ ಬಳಿ ಜಮಖಾನದ ಅಂಚಿಗೆ ಕೂರಿಸಿದರು. ಬಿಸಿಲು ಏರಿತು. ಭಾಷಣಗಳ ಮೇಲೆ ಭಾಷಣಗಳಾದವು. ಆಮೇಲೆ ಶಿವಕಾಂತ ಮೈಕು ಹಿಡಿದ. ಅಟ್ಟದ ಕೆಳಗೆ ನಿಂತು ಬೈದಿದ್ದ ಬಾಯಿ ಅದಲ್ಲ ಎನ್ನುವಷ್ಟು ನಯವಾಗಿತ್ತು ಅವನ ಮಾತು.

"ಈ ಕ್ರೀಡಾಂಗಣಕ್ಕಾಗಿ ದುಡಿದು ಮಡಿದ ಯಂಕೋಬನವರನ್ನು ನಮ್ಮ ಸಂಸ್ಥೆ ಮರೆತಿಲ್ಲ. ಹಿಂಭಾಗದಲ್ಲಿ ನಾವು ಕಟ್ಟಿಸಿರುವ ನೂತನ ಶೌಚಾಲಯಕ್ಕೆ ಅವರ ಹೆಸರನ್ನೇ ಇಟ್ಟಿದ್ದೇವೆ. ಅದನ್ನು ಸ್ವಚ್ಛವಾಗಿಡುವ ಕೆಲಸವನ್ನು ಅವರ ಧರ್ಮಪತ್ನಿಗೇ ಕೊಡುತ್ತಿದ್ದೇವೆ."

ಚಪ್ಪಾಳೆ ಬಿತ್ತು. ಆದಮ್ಮ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕಡೆ ಬಾಗಿದಳು.

"ಯಾವುದಕ್ಕ ಇಟ್ರಂತವ್ವಾ?"

ಆ ಹೆಂಗಸು ನೆಲ ನೋಡುತ್ತ ಹೇಳಿದಳು. "ಸಂಡಾಸಕ್ಕ."

ಅಷ್ಟರಲ್ಲಿ ಯಾರೋ ಅವಳ ರಟ್ಟೆ ಹಿಡಿದು ಮೇಲೆ ಹತ್ತಿಸಿದರು. ವಿರೂಪಾಕ್ಷಪ್ಪ ಎದ್ದು ಬಂದ. ಅವನ ಮುಖ ಮುಪ್ಪಿನಿಂದ ಜೋತಿತ್ತು, ಹಣೆಯಲ್ಲಿ ವಿಭೂತಿ ಎದ್ದು ಕಾಣುತ್ತಿತ್ತು. ಮೈ ತಾಗದಂತೆ ದೂರದಿಂದಲೇ ಶಾಲನ್ನು ಅವಳ ಹೆಗಲಿಗೆ ಬೀಳಿಸಿದ. ಶಾಲಿನ ಅಂಚಿನಲ್ಲೂ ಅಕ್ಕಿಯ ಹೆಸರಿತ್ತು.

"ನಿನ್ನ ಗಂಡ ಒಳ್ಳೆ ಆಳಿದ್ದ," ಎಂದ, ಅವಳಿಗಷ್ಟೇ ಕೇಳಿಸುವಂತೆ. "ಗದ್ಲ ಮಾಡಬ್ಯಾಡ. ಉಂಡುಟ್ಟು ಸುಖವಾಗಿರು."

ಶಿವಕಾಂತ ಮೈಕನ್ನು ಅವಳ ಬಾಯಿಗೆ ಹಿಡಿದ. "ಎರಡು ಮಾತು ಹೇಳಬೇ. ಸಂತೋಷ ಆಗೈತಿ ಅನ್ನು, ಸಾಕು."

ಆದಮ್ಮ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿದ್ದಳು. ಅವನು ಸತ್ತ ಮೇಲೂ ಅವಳ ನಾಲಿಗೆ ಆ ಕಡೆ ಹೊರಳಿರಲಿಲ್ಲ. ಊರೆಲ್ಲ ಅನ್ನುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು.

"ಯಂಕೋಬ," ಅಂದಳು.

ತನ್ನದೇ ದನಿ ಗ್ಯಾಲರಿಯ ಗೋಡೆಗೆ ಬಡಿದು ತಿರುಗಿ ಬಂದದ್ದಕ್ಕೆ ಅವಳೇ ಬೆಚ್ಚಿದಳು.

"ಯಂಕೋಬ ನನ್ನ ಗಂಡ. ಈ ಈರಪಾಕ್ಷಪ್ಪ ಹುಳ ತಿಂದ ಕಟ್ಟಿಗಿ ಕೊಟ್ಟು ಕೊಂದಾನ ಅವನ್ನ. ಕೊಂದಾವನ ಅಕ್ಕಿ ಹೆಸರ ಕಮಾನಿಗೆ, ಸತ್ತಾವನ ಹೆಸರ ನಿಮ್ಮ ಹೇಲು ಉಚ್ಚಿಗೆ..."

ಮೈಕು ಸತ್ತಿತು. ಅವಳ ಬಾಯಿ ಆಡುತ್ತಲೇ ಇತ್ತು. ಶಿವಕಾಂತ ಕೈಬೀಸಿದ್ದೇ ತಡ, ಬ್ಯಾಂಡಿನವರು ಜೋರಾಗಿ ಬಾರಿಸತೊಡಗಿದರು. ಮುಂದಿನ ಸಾಲಿನವರು ಫೋನು ಎತ್ತಿ ಚಿತ್ರ ಹಿಡಿದರು, ಹಿಂದಿನವರಿಗೆ ಏನಾಯಿತೆಂದೇ ತಿಳಿಯಲಿಲ್ಲ.

"ಇಳಿಸ್ರಿ ಈ ರಂಡಿನ್ನ!" ಎಂದು ಶಿವಕಾಂತ ಹಲ್ಲು ಕಚ್ಚಿ ಅಂದ, ಮುಖದಲ್ಲಿ ನಗು ಹಾಗೇ ಇತ್ತು. ಇಬ್ಬರು ಹುಡುಗರು ಅವಳನ್ನು ಮೆಟ್ಟಿಲಿನ ಕೆಳಕ್ಕೆ ದಬ್ಬಿ ಪರದೆಯ ಹಿಂದೆ ಬಿಟ್ಟರು. ನಾಡಗೀತೆಗೆ ಎಲ್ಲರೂ ಎದ್ದು ನಿಂತರು.

ಆದಮ್ಮ ಗ್ಯಾಲರಿಯ ಬೆನ್ನಿಗೆ ನಡೆದಳು. ಹೊಸ ಸಂಡಾಸ ಅಲ್ಲಿತ್ತು. ಬಿಳಿ ಗೋಡೆ, ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಗಂಡನ ಹೆಸರನ್ನು ದೊಡ್ಡದಾಗಿ ಬರೆದಿದ್ದರು. ಬೆಳಿಗ್ಗೆಯಷ್ಟೇ ಬರೆದದ್ದು, ಬಣ್ಣ ಇನ್ನೂ ಹಸಿಯಾಗಿತ್ತು. ಆಗಲೇ ಒಬ್ಬ ಒಳಗೆ ಹೋಗಿ ಬಂದು, ಪ್ಯಾಂಟಿನ ಜಿಪ್ಪು ಎಳೆದುಕೊಳ್ಳುತ್ತ ಅವಳನ್ನು ದಾಟಿ ಹೋದ.

ಗೋಡೆಯ ಪಕ್ಕದಲ್ಲಿ ಪೇಂಟಿನವರು ಬಿಟ್ಟುಹೋದ ಖಾಲಿ ಡಬ್ಬವಿತ್ತು. ಅದನ್ನು ಬೋರಲು ಹಾಕಿ ಹತ್ತಿದಳು. ಹೆಗಲಿನ ಶಾಲನ್ನು ಮುದ್ದೆ ಮಾಡಿ ಗೋಡೆಗೆ ಒತ್ತಿ ಉಜ್ಜಿದಳು. ನೀಲಿ ಬಣ್ಣ ಹರಡಿ ಮೊದಲು ಇನ್ನಷ್ಟು ದಪ್ಪವಾಯಿತು. ಆಮೇಲೆ ಕಲೆಯಾಯಿತು.

"ಅತ್ತಿಗಿ!" ಗಾದಿಲಿಂಗ ಓಡಿ ಬಂದಿದ್ದ. "ಏನ ಮಾಡಾಕತ್ತಿ? ಇದೊಂದರ ಉಳದಿತ್ತಲ್ಲ!"

"ಉಳಿಬಾರದು."

"ಇದು ಹೋದ್ರ ಇನ್ನೆಲ್ಲೂ ಇಲ್ಲ, ಅತ್ತಿಗಿ. ಎಲ್ಲೂ ಇಲ್ಲ."

"ಇಲ್ಲದ್ರ ಇಲ್ಲ. ಇಲ್ಲಿ ಮಾತ್ರ ಬ್ಯಾಡ."

ಅವಳ ಕೈ 'ಯಂ' ಒರೆಸಿತ್ತು, 'ಕೋ' ಅರ್ಧ ಹೋಗಿತ್ತು. ಡಬ್ಬ ಅಲುಗಾಡಿತು. ಕೊನೆಯ ಅಕ್ಷರದವರೆಗೆ ತೋಳು ಚಾಚಿದರೂ ಮುಟ್ಟಲಿಲ್ಲ. ಅತ್ತ ಶಿಳ್ಳೆ ಕೇಳಿಸಿತು, ಗ್ಯಾಲರಿಯ ತಿರುವಿನಲ್ಲಿ ಖಾಕಿ ಕಾಣಿಸಿತು.

"ಏ, ಯಾರಲೇ ಅದು! ಗ್ವಾಡಿ ಬಿಡ್ರಿ, ಬೋಸುಡಿಕೆ!"

ಗಾದಿಲಿಂಗ ಅವಳ ಕೈಯಿಂದ ಶಾಲನ್ನು ಕಸಿದುಕೊಂಡ. ಅವನು ಎತ್ತರದ ಆಳು, ಡಬ್ಬ ಬೇಕಾಗಲಿಲ್ಲ. ತುದಿಗಾಲಲ್ಲಿ ನಿಂತು ಅಣ್ಣನ ಹೆಸರಿನ ಕೊನೆಯ ಅಕ್ಷರವನ್ನು ತಿಕ್ಕತೊಡಗಿದ. ಲಾಠಿ ಮೊದಲ ಸಲ ಬೆನ್ನಿಗೆ ಬಿದ್ದಾಗ ಅವನ ಕೈ ಜಾರಿತು. ಮತ್ತೆ ಎತ್ತಿದ. ಎರಡನೆಯದು ಮೊಣಕಾಲಿಗೆ ಬಿತ್ತು.

ಆದಮ್ಮ ಡಬ್ಬದಿಂದಿಳಿದು ಅವನ ಬೆನ್ನಿಗೆ ಬೆನ್ನು ಕೊಟ್ಟು ನಿಂತಳು, ನೀಲಿಯಾದ ಎರಡೂ ಅಂಗೈಗಳನ್ನು ಲಾಠಿಗೆ ಅಡ್ಡ ಹಿಡಿದು.