ಏಳನೆಯ ಹೆಸರು

ಪಕೀರಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಎಷ್ಟು ತಿಕ್ಕಿದರೂ ಹೊನ್ನೂರಪ್ಪ ಮಾಸ್ತರ ಬೆರಳುಗಳು ಹಾಜರಿ ಪುಸ್ತಕವನ್ನು ಬಿಡಲಿಲ್ಲ.

"ಜೀವ ಇದ್ದಾಗ ಬೆಣ್ಣಿಯಂಥ ಮನಿಷಾ. ಈಗ ನೋಡ್ರಿ ಹಟ!" ಎಂದಳು ಆಕೆ, ಶಾಲೆಯಲ್ಲಿ ಅಡುಗೆ ಮಾಡುವವಳು. "ಬಿಡೋ ಯಪ್ಪಾ ಮಾಸ್ತರಾ. ಹೆಡ್‌ಮಾಸ್ತರ್ರು ಬಂದು ನಿಂತಾರ."

"ಅವಸರ ಇಲ್ಲ ಪಕೀರಮ್ಮಾ," ಎಂದ ಮಾಸ್ತರ ಮನೆಯ ಹೊಸ್ತಿಲಾಚೆ ನಿಂತಿದ್ದ ಗೋಪೀನಾಥ. ಆದರೆ ಹೊಸಪೇಟೆಯಿಂದ ಮೊದಲ ಬಸ್ಸು ಹಿಡಿದು ಅವನು ಬಂಡ್ರಿ ದಾಟಿ ಈ ಊರಿಗೆ ಬಂದದ್ದೇ ಆ ಪುಸ್ತಕಕ್ಕಾಗಿ. ಶಾಲೆ ನಡೆಸುವ ಟ್ರಸ್ಟಿನವರು ನಾಳೆ ತಪಾಸಣೆಗೆ ಬರುವವರಿದ್ದರು. ಪುಸ್ತಕದ ಒಂದು ಸಾಲಿನಲ್ಲಿ ಇಪ್ಪತ್ತೆರಡು ದಿನಗಳ ಹಸಿರು ಶಾಯಿ ಇತ್ತು. ಇಡೀ ಶಾಲೆಯಲ್ಲಿ ಹಸಿರು ಶಾಯಿಯ ಪೆನ್ನು ಇದ್ದದ್ದು ಅವನೊಬ್ಬನ ಬಳಿ.

ಅಂಗಳದಲ್ಲಿ ಐದನೆಯ ತರಗತಿಯ ಮಕ್ಕಳು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ನಿನ್ನೆ ಮಾಸ್ತರು ಪ್ರಾಣ ಬಿಟ್ಟದ್ದು ಅವರೆದುರಿಗೇ, ಕುರ್ಚಿಯಲ್ಲಿ ಕೂತಲ್ಲೇ. ಗೋಪೀನಾಥ ಆಗ ಸಂಡೂರಿನಲ್ಲಿ ಟ್ರಸ್ಟಿನ ಸಭೆಯಲ್ಲಿದ್ದ.

"ಹೆಂಗಾತಮ್ಮಾ?" ಎಂದು ತರಗತಿಯ ಲೀಡರ್ ಭರಮಮ್ಮನನ್ನು ಕೇಳಿದ.

"ಹಾಜರಿ ಕರೀತಿದ್ರು ಸಾರ್. ಆರು ಮಂದೀದು ಆತು. ಏಳನೇದು ಊರಮ್ಮಂದು. ಆಕೀನ್ನ ಕರದ್ರ ದಿನಾ ಕಾಯ್ತಾರಲ್ರಿ. ಹಂಗ ಕಾಯಾಕತ್ಯಾರಂತ ನಾವೂ ಸುಮ್ನ ಕುಂತ್ವಿ. ಗಂಟಿ ಹೊಡೀತು. ಮತ್ತೊಂದು ಗಂಟಿನೂ ಹೊಡೀತು."

"ಎರಡು ಪಿರಿಯಡ್ಡಾ?"

"ಹ್ಞೂಂ ಸಾರ್. ಕಣ್ಣು ತೆರದೇ ಇದ್ವು. ಬಾಗಿಲ ಕಡೀಗೆ ನೋಡ್ತಿದ್ವು."

*

ಟ್ರಸ್ಟು ಆ ವರ್ಷ ಹೊಸ ಪದ್ಧತಿ ತಂದಿತ್ತು. ಪ್ರತಿ ಶಿಕ್ಷಕನ ಕೆಲಸಕ್ಕೂ ನೂರಕ್ಕೆ ಇಷ್ಟು ಎಂದು ಅಂಕ, ಅಂಕಕ್ಕೆ ತಕ್ಕ ಶ್ರೇಣಿ, ಶ್ರೇಣಿಗೆ ತಕ್ಕಂತೆ ಸಂಬಳದ ಮೇಲೆ ಪ್ರೋತ್ಸಾಹಧನ. ಮಕ್ಕಳ ಹಾಜರಿ ನೂರಕ್ಕೆ ಎಂಬತ್ತೈದಕ್ಕಿಂತ ಕೆಳಗಿಳಿದರೆ ಇಡೀ ಶಾಲೆಗೆ ಏನೂ ಇಲ್ಲ. ಆದರೆ ಅದಿರಿಗೆ ಬೆಲೆ ಬಂದ ಕಾಲ ಅದು. ತಾಯಂದಿರು ಕಲ್ಲು ಒಡೆಯಲು ಹೋಗುವಾಗ ಮಕ್ಕಳನ್ನೂ ಕರೆದೊಯ್ಯುತ್ತಿದ್ದರು; ಬೆಂಚುಗಳು ಒಂದೊಂದಾಗಿ ಬರಿದಾಗುತ್ತಿದ್ದವು.

ತಿಂಗಳ ಕೊನೆಗೆ ಲೆಕ್ಕ ಎಂಬತ್ತನಾಲ್ಕಕ್ಕೆ ನಿಂತಿತು. ಐದನೆಯ ತರಗತಿಯ ಪುಸ್ತಕದಲ್ಲಿ ಏಳನೆಯ ಸಾಲು ಪೂರ್ತಿ ಖಾಲಿ ಇತ್ತು. ಯಾರ ಸಾಲೆಂದು ಗೋಪೀನಾಥ ನೋಡಲಿಲ್ಲ. ತುಂಬಿದ.

ಮರುದಿನ ಹೊನ್ನೂರಪ್ಪ ಮಾಸ್ತರು ಪುಸ್ತಕ ಹಿಡಿದು ಬಂದರು.

"ಸಾರ್, ಏಳನೇ ನಂಬರ್ ಊರಮ್ಮ. ಕರೆಮ್ಮನ ಮಗಳು. ಅದಿರಿನ ಗುಡ್ಡಿ ಜರದು ಒಳಗ ಸಿಕ್ಕಾಕಿ. ಹೋಗಿ ತಿಂಗಳ ಮ್ಯಾಲಾತು."

ಒಂದು ಹುಡುಗಿ ಸತ್ತದ್ದು ಗೋಪೀನಾಥನಿಗೆ ಗೊತ್ತಿತ್ತು. ಹೆಸರು ನೆನಪಿರಲಿಲ್ಲ.

"ವರದಿ ಹೋಗ್ಯದ ಹೊನ್ನೂರಪ್ಪ. ಈಗ ತಿದ್ದಿದ್ರ ಎಲ್ಲಾರ ಇನ್ಸೆಂಟಿವ್ ಹೋಗ್ತದ. ನಿಮ್ದೂ."

ಮಾಸ್ತರು ಆ ಹಸಿರು ಸಾಲಿನ ಮೇಲೆ ಬೆರಳಾಡಿಸಿದರು. ಕೋಪವಿರಲಿಲ್ಲ ಮುಖದಲ್ಲಿ.

"ಹಾಜರಿ ಹಾಕೀವಿ ಅಂದ ಮ್ಯಾಲ ಕರೀಬೇಕಲ್ರಿ ಸಾರ್."

ಅಂದಿನಿಂದ ಕರೆದರು. ಗೋಡೆಯಾಚೆ ತನ್ನ ಕೋಣೆಯಲ್ಲಿ ಗೋಪೀನಾಥನಿಗೆ ದಿನವೂ ಕೇಳುತ್ತಿತ್ತು. "ಊರಮ್ಮಾ." ಆಮೇಲೆ ಮೌನ. ಒಂದು ಮಗು ಎದ್ದು ನಿಂತು ಉತ್ತರ ಕೊಟ್ಟು ಕೂರಲು ಎಷ್ಟು ಹೊತ್ತು ಬೇಕೋ ಅಷ್ಟು. ಆಮೇಲೆ, "ಭರಮಮ್ಮಾ." ಕೆಲವು ದಿನ ಆ ಮೌನದಲ್ಲಿ ಬೆಂಚು ಕಿರುಗುಟ್ಟಿದಂತಾಗಿ ಅವನು ಪೆನ್ನು ಕೆಳಗಿಡುತ್ತಿದ್ದ.

ಮುಂದಿನ ಮೌಲ್ಯಮಾಪನದ ಹಾಳೆಯಲ್ಲಿ ಅವನು ಬರೆದ: 'ಖಾಲಿ ಜಾಗದೊಡನೆ ಮಾತನಾಡುತ್ತಾರೆ. ಶ್ರೇಣಿ: ಡಿ.' ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡ. ಆ ಸಲ ಇಡೀ ಶಾಲೆಯಲ್ಲಿ ಪ್ರೋತ್ಸಾಹಧನ ಬಾರದೆ ಇದ್ದದ್ದು ಹೊನ್ನೂರಪ್ಪ ಮಾಸ್ತರೊಬ್ಬರಿಗೆ.

*

"ಸಾರ್." ಮಾಸ್ತರ ಹೆಂಡತಿ ಪಂಪಾವತಿ ಎದ್ದು ಬಂದಿದ್ದಳು. "ಬೆರಳು ಮುರದು ತೆಗೀಬೇಕಂತಾರ. ನನಗ ಮನಸ್ಸಿಲ್ರಿ. ಪುಸ್ತಕನೂ ಅವರ ಕೂಡ ಮಣ್ಣಿಗೆ ಹೋಗ್ಲಿ ಅಂತೀನಿ. ಸಾಲೀದು ಅದು, ನೀವು ಬ್ಯಾಡ ಅಂದ್ರ..."

ಗೋಪೀನಾಥನ ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿಟ್ಟಂತಾಯಿತು. ಮಣ್ಣೊಳಗಿನ ಪುಸ್ತಕವನ್ನು ಯಾವ ತಪಾಸಣೆಯವರು ತೆಗೆದು ನೋಡುತ್ತಾರೆ?

"ಇರ್ಲಿ ತಾಯಿ. ಅವರ ಹತ್ರನೇ ಇರ್ಲಿ."

"ದೊಡ್ಡ ಮನಸ್ಸು ನೋಡ್ರಿ," ಎಂದಳು ಪಕೀರಮ್ಮ.

ಪಂಪಾವತಿ ಹೋಗಲಿಲ್ಲ. "ಡಿ ಅಂದ್ರ ಏನ್ರಿ ಸಾರ್? ಅವರು ಆ ಹಾಳಿ ಮನಿಗೆ ತಂದಾಗಿಂದ ಕೇಳ್ತಿದ್ದೆ. ಬರೇ ನಗ್ತಿದ್ರು."

"ಅದು ಆಫೀಸಿನ ಅಕ್ಷರ. ಅದಕ್ಕ ಅಂಥಾ ಅರ್ಥ ಏನೂ ಇಲ್ಲ," ಎಂದ.

*

ಗುಂಡಿ ಊರ ಹೊರಗೆ, ಅದಿರಿನ ಲಾರಿಗಳು ಓಡಾಡುವ ದಾರಿಯ ಬದಿಗಿತ್ತು. ಅಗೆದ ಮಣ್ಣು ಎರಡೂ ಕಡೆ ಕೆಂಪಗೆ ಗುಡ್ಡೆಯಾಗಿತ್ತು. ಮಾಸ್ತರನ್ನು ಇಳಿಸಿದರು. ಎದೆಯ ಮೇಲೆ ಪುಸ್ತಕ. ನೆಂಟರು ಒಬ್ಬೊಬ್ಬರಾಗಿ ಮಣ್ಣು ಕೊಟ್ಟರು. ಗೋಪೀನಾಥನೂ ಒಂದು ಹಿಡಿ ಹಾಕಿ ಕೈ ಒರೆಸಿಕೊಂಡ.

ಆಮೇಲೆ ಮಕ್ಕಳು ಬಂದರು. ಯಾರೂ ಹೇಳಿರಲಿಲ್ಲ, ಪುಸ್ತಕದಲ್ಲಿರುವ ನಂಬರಿನ ಪ್ರಕಾರವೇ ಸಾಲಾಗಿದ್ದರು. ಒಂದು, ಎರಡು, ಮೂರು. ಆರನೆಯದು ಮಣ್ಣು ಹಾಕಿ ಪಕ್ಕಕ್ಕೆ ಸರಿಯಿತು. ಅಲ್ಲಿಗೆ ಸಾಲು ನಿಂತಿತು. ಗುಂಡಿಗೂ ಭರಮಮ್ಮನಿಗೂ ನಡುವೆ ಒಂದು ಮಗು ನಿಲ್ಲುವಷ್ಟು ಜಾಗವಿತ್ತು.

"ಮುಂದ ಹೋಗಬೇ, ಬಿಸಲು ಏರಾಕತ್ತದ," ಎಂದಳು ಪಕೀರಮ್ಮ.

ಭರಮಮ್ಮ ತಲೆ ಅಲ್ಲಾಡಿಸಿದಳು. "ಆಕೀದು ಆಗಿಲ್ಲ."

ಹೆಂಗಸರ ನಡುವೆ ಊರಮ್ಮನ ತಾಯಿ ಕರೆಮ್ಮ ಸೆರಗು ಬಾಯಿಗೊತ್ತಿಕೊಂಡಳು. ದಾರಿಯಲ್ಲಿ ಲಾರಿಗಳಿರಲಿಲ್ಲ. ಗಾಳಿಯೂ ಇರಲಿಲ್ಲ. ಆ ಮೌನ ಎಷ್ಟು ಹೊತ್ತಿನದೆಂದು ಗೋಪೀನಾಥನಿಗೆ ಗೊತ್ತಿತ್ತು. ತನ್ನ ಕೋಣೆಯಲ್ಲಿ ಕೂತು ದಿನವೂ ಅಳೆದಿದ್ದ. ಅದು ಮುಗಿಯುವ ಹೊತ್ತಿಗೆ, ಯಾರೂ ನಿಂತಿರದ ಆಚೆ ದಡದ ಗುಡ್ಡೆಯಿಂದ ಮಣ್ಣು ಜಾರಿತು. ಹೆಚ್ಚಲ್ಲ, ಒಂದು ಸಣ್ಣ ಹಿಡಿ. ಪುಸ್ತಕದ ಮೇಲೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಭರಮಮ್ಮ ಮುಂದೆ ಬಂದು, ಬಗ್ಗಿ, ತನ್ನ ಪಾಲಿನ ಮಣ್ಣು ತೆಗೆದುಕೊಂಡಳು.