ತೂಕ ಮರೆತ ಪಾಟ್ಲಿ

ನಾನು ಒಂದು ಪಾಟ್ಲಿ. ಅಗಲ ಪಟ್ಟಿಯ ಬಂಗಾರದ ಬಳೆ ಎಂದರೆ ಬೇರೆ ಸೀಮೆಯವರಿಗೂ ತಿಳಿದೀತು. ಹುಟ್ಟಿದ್ದು ಗದಗಿನ ಪತ್ತಾರರೊಬ್ಬರ ಅಗ್ಗಿಷ್ಟಿಕೆಯ ಮುಂದೆ. ನನಗೊಂದು ಅವಳಿ ಇತ್ತು. ಪಾಟ್ಲಿಗಳು ಜೋಡಿಯಾಗಿಯೇ ಹುಟ್ಟುತ್ತವೆ, ಬಲಗೈಗೊಂದು, ಎಡಗೈಗೊಂದು. ಪತ್ತಾರರು ನಮ್ಮ ಮೈಮೇಲೆ ಎಲೆಬಳ್ಳಿ ಕೊರೆದು, ತೂಗಿ, ನೀಲಗಂಗಾಳ ತಾಯಿಯ ಅಂಗೈಯಲ್ಲಿಟ್ಟರು. ಆ ತಾಯಿ ಮದುವೆಯ ದಿನ ಮಗಳಿಗೆ ನಮ್ಮನ್ನು ತೊಡಿಸುತ್ತ ಮೆಲ್ಲಗೆ ಹೇಳಿದಳು: "ಕಷ್ಟ ಬಂದ್ರ ಇವು ಅದಾವ, ನೆನಪಿಟ್ಕೊ."

ನಾನದನ್ನು ಹೊಗಳಿಕೆ ಎಂದುಕೊಂಡೆ. ನನಗೊಂದು ನೌಕರಿ ಹಚ್ಚಿದ್ದಾರೆಂದು ಆಮೇಲೆ ತಿಳಿಯಿತು.

ನೀಲಗಂಗಾಳ ಗಂಡ ಚನ್ನವೀರಪ್ಪ ಸ್ಟೇಶನ್ ರಸ್ತೆಯಲ್ಲಿ ಖಾನಾವಳಿ ನಡೆಸುತ್ತಿದ್ದ. ರೊಟ್ಟಿ ಬಡಿಯುವವಳು ಅವಳೇ. ಬಡಿಯಲು ಕೂರುವ ಮೊದಲು ನಮ್ಮನ್ನು ತೆಗೆದು ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಿದ್ದಳು. ಬಳ್ಳಿಯ ಸಂದಿಯಲ್ಲಿ ಸದಾ ಜೋಳದ ಹಿಟ್ಟು. ಉಣ್ಣಲು ಬರುವವರಲ್ಲಿ ಕಾಲೇಜಿನ ಹುಡುಗರೇ ಹೆಚ್ಚು. ಪರೀಕ್ಷೆ ಮುಗಿದರೆ ಅರ್ಧ ಮಣೆ ಖಾಲಿ. ಕೈಯಲ್ಲಿ ದುಡ್ಡಿದ್ದಾಗ ಬಂಗಾರ ಕೊಳ್ಳುವುದು, ಇಲ್ಲದಾಗ ಅದನ್ನೇ ಅಡವಿಡುವುದು. ಚನ್ನವೀರಪ್ಪನಿಗೆ ಗೊತ್ತಿದ್ದ ಹಣದ ವಿದ್ಯೆ ಅಷ್ಟೇ.

ಬಾಡಿಗೆ ನಿಂತರೆ ನಾವು ಬ್ಯಾಂಕಿಗೆ. ಮಗಳು ವಿಮಲಾಳ ಶಾಲೆಯ ಫೀ ಬಂದರೆ ನಾವು ಬ್ಯಾಂಕಿಗೆ. ಅಲ್ಲಿ ಒರೆಗಲ್ಲಿನ ಮೇಲೆ ನಮ್ಮನ್ನು ಎಳೆದು ನೋಡುತ್ತಿದ್ದರು. ಪ್ರತಿ ಸಲವೂ ಕಲ್ಲಿಗೊಂದು ಹಳದಿ ಗೀರು ಕೊಟ್ಟು ಬರುತ್ತಿದ್ದೆವು. ತಕ್ಕಡಿ ನಿಲ್ಲುವ ಮೊದಲೇ ನೀಲಗಂಗಾ ತೂಕ ಹೇಳಿಬಿಡುತ್ತಿದ್ದಳು: "ಒಂದೊಂದು ಎರಡು ತೊಲಿ ನಾಕು ಗುಂಜಿ ಅದಾವ್ರಿ." ಮಗಳ ಹುಟ್ಟಿದ ದಿನಕ್ಕಿಂತ ಅದೇ ಅವಳ ನಾಲಗೆಯ ತುದಿಯಲ್ಲಿತ್ತು.

ಆಮೇಲೆ ತಿಜೋರಿ. ಬಟ್ಟೆಯ ಚೀಲ, ಅರಗಿನ ಮುದ್ರೆ, ಕತ್ತಲೆ. ಪಕ್ಕದ ಚೀಲಗಳಲ್ಲಿ ಯಾರ ಯಾರದೋ ತಾಳಿ, ಬೋರಮಾಳ, ಮಗುವಿನ ಉಂಗುರ. ಯಾವುದೂ ಮಾತಾಡುತ್ತಿರಲಿಲ್ಲ. ಆ ಮೌನದಲ್ಲಿ ನನಗೆ ಒಂದೇ ಚಿಂತೆ. ಒಂದು ಮನೆಯ ಎಲ್ಲ ಭಾರವನ್ನೂ ಎರಡು ಬಳೆಗಳ ಮೇಲೆ ಹೊರಿಸಿದ್ದಾರಲ್ಲ, ನಾವು ಸಾಲದೆ ಹೋದರೆ?

ಹಾಗೆಯೇ ಆಯಿತು. ಒಂದು ಅಕ್ಷಯ ತದಿಗೆಗೆ ಚನ್ನವೀರಪ್ಪನ ಕೈಯಲ್ಲಿ ಕಾಸಿರಲಿಲ್ಲ. ಆ ದಿನ ಮನೆಗೆ ಬಂಗಾರ ಬರದೆ ಇರಬಾರದು. ನಮ್ಮನ್ನು ಕಳಚಿಕೊಡು ಎಂದ.

"ಬಂಗಾರ ಅಡಾ ಇಟ್ಟು ಬಂಗಾರ ತರ್ತೀರೇನ್ರಿ?" ಎಂದಳು ನೀಲಗಂಗಾ.

"ಹಬ್ಬದ ದಿವಸ ತಂದದ್ದು ಬೆಳೀತೈತಿ. ನೀ ಸುಮ್ಕ ಕೊಡು."

ಬೆಳೆದದ್ದು ಬಡ್ಡಿ. ತಂದ ಬಂಗಾರದ ನಾಣ್ಯ ಮಳೆಗಾಲ ಮುಗಿಯುವ ಮೊದಲೇ ಮಾರಾಟವಾಯಿತು. ಆಮೇಲೆ ನನ್ನನ್ನು ಬಿಡಿಸಲು ನನ್ನ ಅವಳಿಯನ್ನು ಮಾರಿದರು. ಅದು ಯಾರ ಕುಲುಮೆಯಲ್ಲಿ ಕರಗಿತೋ ಗೊತ್ತಿಲ್ಲ. ಅಂದಿನಿಂದ ನಾನು ಬಲಗೈಯಲ್ಲಿ ಒಂಟಿ. ಮದುವೆಮನೆಗಳಲ್ಲಿ ನೀಲಗಂಗಾ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂರುತ್ತಿದ್ದಳು.

ವಿಮಲಾ ಓದಿ ಕಾಲೇಜಿನಲ್ಲಿ ವಾಣಿಜ್ಯ ಕಲಿಸತೊಡಗಿದಳು. ಒಂದು ಮಧ್ಯಾಹ್ನ ಊಟದವರೆಲ್ಲ ಎದ್ದುಹೋದ ಮೇಲೆ ಅಪ್ಪನನ್ನೂ ಅವ್ವನನ್ನೂ ಎದುರು ಕೂರಿಸಿಕೊಂಡಳು. ಮೊದಲು ಆಪತ್ತಿಗೆ ಅಂತ ಬೇರೆ ಹಣ, ಆಮೇಲೆ ಆರೋಗ್ಯ ವಿಮೆ, ಉಳಿದದ್ದರಲ್ಲಿ ಸ್ವಲ್ಪ ಠೇವಣಿ, ಸ್ವಲ್ಪ ಮ್ಯೂಚುವಲ್ ಫಂಡ್ ಎಂದು ಹೇಳುತ್ತ ಹೋದಳು. ಚನ್ನವೀರಪ್ಪ ಆಕಳಿಸಿದ. ನೀಲಗಂಗಾ ಕೇಳುತ್ತ ಕೇಳುತ್ತ ನನ್ನನ್ನು ಮಣಿಕಟ್ಟಿನಲ್ಲಿ ತಿರುಗಿಸುತ್ತಿದ್ದಳು.

"ಅಂದ್ರ, ಸಾರು ಇವತ್ತಿಗೆ. ಚಟ್ನಿಪುಡಿ ತಿಂಗಳಿಗೆ. ಉಪ್ಪಿನಕಾಯಿ ವರ್ಷಗಟ್ಟಲೆ. ಹಂಗೇನ?"

ವಿಮಲಾ ನಕ್ಕಳು. "ಇದನ್ನ ಹೇಳಾಕ ನನಗ ಕಾಲೇಜಿನಾಗ ಒಂದು ತಾಸು ಹಿಡೀತೈತಿ, ಅವ್ವಾ."

"ಹಂಗಾದ್ರ ಇಷ್ಟ ದಿವಸ ನಿಮ್ಮಪ್ಪ ಉಪ್ಪಿನಕಾಯಿನ ಸಾರು ಅಂತ ಸುರಕೊಂಡಾರ."

"ಆತು ಬಿಡ್ರಿ, ತಾಯಿ ಮಗಳು ಕೂಡಿ ನನ್ನ ಹುರೀರಿ," ಎಂದ ಚನ್ನವೀರಪ್ಪ. ಆದರೆ ಎದ್ದು ಹೋಗಲಿಲ್ಲ.

ಖಾನಾವಳಿ ತುಂಬಿದ ತಿಂಗಳು ಹೆಚ್ಚು, ಖಾಲಿ ತಿಂಗಳು ಕಡಿಮೆ, ಅಂತೂ ತಪ್ಪದೆ ಎತ್ತಿಟ್ಟರು. ದೀಪಾವಳಿ ಅಮಾವಾಸ್ಯೆಗೆ ಅಂಗಡಿ ಪೂಜೆ ಮುಗಿಸಿ ಮೂವರೂ ಕೂತು ಲೆಕ್ಕ ನೋಡುತ್ತಿದ್ದರು. ಯಾವ ಹೂಡಿಕೆ ಅತಿಯಾಗಿ ಉಬ್ಬಿದೆಯೋ ಅದರಿಂದ ತುಸು ತೆಗೆದು, ಬಡಕಲಾದದ್ದಕ್ಕೆ ಹಾಕುವುದು. ನನ್ನನ್ನು ಆ ಲೆಕ್ಕಕ್ಕೆ ಕರೆಯಲಿಲ್ಲ. ಮೊದಮೊದಲು ಬೇಸರವಾಯಿತು. ಆಮೇಲೆ ಮೈ ಹಗುರಾಯಿತು.

ಒಂದು ವರ್ಷ ಷೇರು ಪೇಟೆ ಬಿತ್ತು. ಚನ್ನವೀರಪ್ಪ ಪೇಪರ್ ಹಿಡಿದು ಒಲೆಯ ಮುಂದೆ ಬಂದ. "ಎಲ್ಲಾ ಕರಗಾಕ ಹತ್ತೈತಿ. ಇದ್ದಷ್ಟು ತಗದು ಬಂಗಾರ ತಗೊಳೋಣು."

ನೀಲಗಂಗಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಉಪ್ಪಿನಕಾಯಿ ಹಾಕಿ ಎಂಟು ದಿನಕ್ಕ ಮುಚ್ಚಳ ತಗದು ನೆಕ್ಕಿದ್ರ ಏನ್ ಹತ್ತತೈತ್ರಿ?"

"ಕಹಿ."

"ಮತ್ತ ಮುಚ್ಚಿಡ್ರಿ."

ಅವನು ಪೇಪರನ್ನು ಮಡಚಿ, ಡಬ್ಬಿಯ ಮೇಲಿದ್ದ ನನ್ನನ್ನು ಒಮ್ಮೆ ನೋಡಿ, ಹೊರಗೆ ಹೋದ. ಕಾದರು. ಪೇಟೆ ಏಳಲು ತಡವಾಯಿತು, ಆದರೂ ಕಾದರು.

ಒಂದು ದಿನ ಗಲ್ಲಾಪೆಟ್ಟಿಗೆಯ ಮುಂದೆ ಚನ್ನವೀರಪ್ಪ ಎದೆ ಹಿಡಿದು ಕುಸಿದ. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ಆಪರೇಶನ್ ಆಗಲೇಬೇಕು ಎಂದರು ಡಾಕ್ಟರು. ವಿಮಲಾ ಕೌಂಟರಿನತ್ತ ಓಡಿದಳು. ನೀಲಗಂಗಾ ಬೆಂಚಿನ ಮೇಲೆ ಕೂತು, ಯಾರೂ ಕೇಳದಿದ್ದರೂ, ನನ್ನನ್ನು ಕಳಚತೊಡಗಿದಳು. ಕೈ ಊದಿತ್ತು, ನಾನು ಸುಲಭಕ್ಕೆ ಬರಲಿಲ್ಲ. ಎಂಜಲು ಹಚ್ಚಿ ಎಳೆದಳು. ಕರವಸ್ತ್ರದಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದಳು. ನಾನೂ ಸಿದ್ಧವಾದೆ. ನನ್ನ ಅವಳಿ ಹೋದ ದಾರಿಗೆ ಈಗ ನನ್ನ ಸರದಿ.

ಬರೀ ಎರಡು ಬಳೆಗಳಿದ್ದ ಕಾಲವಾಗಿದ್ದರೆ ಖಾನಾವಳಿಯನ್ನೂ ಮಾರಬೇಕಿತ್ತು. ನಾನೊಂದೇ ಕರಗಿ ಅವನ ಎದೆಯನ್ನು ಉಳಿಸಲಾರೆ ಎಂಬುದು ನನಗೆ ಗೊತ್ತಿತ್ತು.

ವಿಮಲಾ ಬಂದಳು. ಅವ್ವನ ಮುಷ್ಟಿಯನ್ನು ನೋಡಿದಳು.

"ಇದನ್ಯಾಕ ತಗದಿ?"

"ತಗೊಂಡ್ ಹೋಗವಾ. ಎರಡು ತೊಲಿ ನಾಕು ಗುಂಜಿ ಐತಿ."

"ವಿಮಾದವರು ಒಪ್ಯಾರ. ಮ್ಯಾಲಿನ ಖರ್ಚಿಗೆ ಆಪತ್ತಿನ ರೊಕ್ಕ ಐತಿ. ಉಪ್ಪಿನಕಾಯಿ ಭರಣಿ ಸೈತ ಮುಟ್ಟೂದಿಲ್ಲ." ವಿಮಲಾ ಅವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನನ್ನನ್ನು ಮತ್ತೆ ಆ ಕೈಗೇರಿಸಿದಳು. "ಇದು ನಿನ್ನ ಕೈಯಾಗ ಇರ್ಲಿ."

ಆಗ ನೀಲಗಂಗಾ ಅತ್ತಳು. ಸಪ್ಪಳವಿಲ್ಲದ ಅಳು. ನನ್ನ ಮೇಲೆ ಬಿದ್ದ ಹನಿಗಳು ಬೆಚ್ಚಗಿದ್ದವು.

ಚನ್ನವೀರಪ್ಪ ಮನೆಗೆ ಬಂದ. ಈಗ ಗಲ್ಲಾಪೆಟ್ಟಿಗೆಯ ಬಳಿ ಕೂತು ಉಪ್ಪಿಲ್ಲದ ಸಾರಿಗೆ ಮುಖ ಕಿವುಚುತ್ತಾನೆ. ರೊಟ್ಟಿ ಬಡಿಯಲು ಬೇರೆಯವರಿದ್ದಾರೆ. ನಾನು ಸವೆದಿದ್ದೇನೆ, ಬಳ್ಳಿಯ ಎಲೆಗಳು ಬೆರಳಿಗೆ ಸಿಗುತ್ತವೆ, ಕಣ್ಣಿಗೆ ಸಿಗುವುದಿಲ್ಲ. ಒರೆಗಲ್ಲನ್ನು ಕಂಡು ಬಹುಕಾಲವಾಯಿತು. ನನ್ನ ಅವಳಿಯ ಜಾಗದಲ್ಲಿ ಇನ್ನೂ ಗಾಜಿನ ಬಳೆಗಳೇ ಇವೆ. ಹೊಸದನ್ನು ಮಾಡಿಸೋಣವೆಂದು ಗಂಡ ಕೇಳಿದ್ದ, ಅವಳು ಬೇಡವೆಂದಳು. ಎಡಗೈಗೆ ಸೆರಗು ಮುಚ್ಚುವುದನ್ನು ಮಾತ್ರ ಬಿಟ್ಟಿದ್ದಾಳೆ.

ಮೊನ್ನೆ ವಿಮಲಾಳ ಮಗಳು ನನ್ನನ್ನು ತನ್ನ ಪುಟ್ಟ ಕೈಗೆ ಹಾಕಿಕೊಂಡು ಮೊಣಕೈವರೆಗೆ ಸರಿಸಿದಳು. "ಇದು ಎಷ್ಟು ತೂಕ ಐತಿ, ಅಮ್ಮಮ್ಮಾ?"

ನೀಲಗಂಗಾ ಹೇಳಲು ಬಾಯಿ ತೆರೆದಳು. ತೂಕ ನಾಲಗೆಗೆ ಬರಲಿಲ್ಲ. ಮೇಲೆ ನೋಡಿ ನೆನಪಿಸಿಕೊಳ್ಳಲು ಯತ್ನಿಸಿದಳು. ಗಂಡನ ಕಡೆ ನೋಡಿದಳು, ಅವನೂ ನೆನಪಿಲ್ಲವೆಂದು ತಲೆಯಾಡಿಸಿದ.

"ಮರತೇನಿ," ಎಂದಳು. ಅವಳ ಮುಖದಲ್ಲಿ ನಗೆ ಮೂಡಿತು.

ನಾನು ಹೇಳಬಹುದಿತ್ತು. ಸುಮ್ಮನಿದ್ದೆ.