ಎಂಟನೆಯ ಬಟ್ಟೆ

"ಏಳೇ ಇವೆ," ಅಂದರು ಸಿಸ್ಟರ್.

ವ್ಯಾನಿನ ಅಡಿ ಮಲಗಿದ್ದ ಗಂಡನ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. "ಏಳೇ ಇರ್ಬೇಕು," ಅಂದಿತು ಒಳಗಿನ ದನಿ.

"ನಾನು ಹರಿದು ಕೊಟ್ಟಿದ್ದು ಎಂಟು. ಎಂಟು ಬಾಯಿ ಇದೆ, ಎಂಟು ಬಟ್ಟೆ."

"ಏಳು ಸಾಕು, ಒಂದಕ್ಕೆ ಮುಚ್ಚಳ ಇದೆ ಅಂತ ಬೆಳಿಗ್ಗೆನೇ ಹೇಳಿದ್ನಲ್ಲೇ."

"ನೀವು ಹೇಳಿಲ್ಲ."

ಆ ವ್ಯಾನಿಗೆ ಅವರ ಮಗಳಿಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಒಳಗೆ ಹಾಸಿಗೆ, ಒಲೆ, ಮಡಚುವ ಮೇಜು. ವರ್ಷಕ್ಕೆರಡು ತಿಂಗಳು ಊರೂರು ಸುತ್ತುವಾಗ ಗಂಡ ಹೆಂಡತಿಗೆ ಅದೇ ಮನೆ. ಅದನ್ನು ಕಟ್ಟಿದ ಪುಣ್ಯಾತ್ಮ ಇಂಜಿನನ್ನು ಹಿಂದಿಟ್ಟು ರೇಡಿಯೇಟರನ್ನು ಮುಂದಿಟ್ಟಿದ್ದ. ಇಂಜಿನ್ನಿನ ಬಿಸಿ ಹೊತ್ತ ಕೂಲಂಟು ನೀರು ಎರಡು ಉದ್ದ ಪೈಪುಗಳಲ್ಲಿ ವ್ಯಾನಿನ ಹೊಟ್ಟೆಯಡಿ ಮುಂದಕ್ಕೆ ಹೋಗಿ, ತಣಿದು ವಾಪಸು ಬರಬೇಕು. ಹಳೆಯ ಪ್ಲಾಸ್ಟಿಕ್ ಪೈಪುಗಳು ಹಪ್ಪಳದ ಹಾಗೆ ಮುರಿಯುವ ಸ್ಥಿತಿಗೆ ಬಂದಿದ್ದವು. ಬಸ್ ಡಿಪೋದಲ್ಲಿ ಮೇಸ್ತ್ರಿಯಾಗಿ ನಿವೃತ್ತರಾದ ಗಂಡ, ಅಳತೆ ಕೊಟ್ಟು ಸ್ಟೀಲಿನವನ್ನು ಮಾಡಿಸಿ ತಂದಿದ್ದರು. ಕೆಲಸ ನಡೆಯುವಾಗ ಧೂಳು ಹೋಗದಂತೆ ಪೈಪು, ಇಂಜಿನ್, ರೇಡಿಯೇಟರುಗಳ ಎಲ್ಲ ಬಾಯಿಗಳಿಗೂ ಬಟ್ಟೆ ತುರುಕುವುದು ಅವರ ಡಿಪೋ ಅಭ್ಯಾಸ. ಈಗ ಎಲ್ಲ ಜೋಡಿಸಿ, ಅರ್ಧ ಕೂಲಂಟು ಸುರಿದೂ ಆಗಿತ್ತು. ನಾಳೆ ಹೊರಡುವುದು.

ಎಣಿಸುವುದು ಸಿಸ್ಟರ್ ಅಭ್ಯಾಸ. ಮೂವತ್ತೊಂದು ವರ್ಷ ಅವರು ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು. ಹೊಟ್ಟೆ ಹೊಲಿಯುವ ಮೊದಲು ಒಳಗಿಟ್ಟ ಬಟ್ಟೆಗಳೆಲ್ಲ ಹೊರಗೆ ಬಂದವೇ ಎಂದು ಎಣಿಸಿ ಅವರು "ಸರಿ" ಅನ್ನುವ ತನಕ ಎಂಥ ದೊಡ್ಡ ಡಾಕ್ಟರಾದರೂ ಸೂಜಿ ಹಿಡಿದು ಕಾಯಲೇಬೇಕಿತ್ತು. ಮೇಸ್ತ್ರಿ ಕಾಲು ಮುರಿದುಕೊಂಡು ಆ ಆಸ್ಪತ್ರೆಗೆ ಬಂದವರು, ಎಲ್ಲರ ಜೊತೆ ತಾವೂ ಸಿಸ್ಟರ್ ಅಂದವರು, ಮದುವೆಯಾದ ಮೇಲೂ ಆ ರೂಢಿ ಬಿಡಲಿಲ್ಲ.

ಆದರೆ ಈ ಆರು ತಿಂಗಳಲ್ಲಿ ಸಿಸ್ಟರ್ ಎರಡು ಸಲ ಪಾತ್ರೆ ಸೀಯಿಸಿದ್ದರು. ಒಮ್ಮೆ ಅಂಗಡಿಗೆ ಹೋಗಿ, ಏನು ಬೇಕೆಂದು ಕೇಳಿದವನ ಮುಖ ನೋಡುತ್ತ ನಿಂತುಬಿಟ್ಟಿದ್ದರು. "ಅಮ್ಮ, ಈ ಸಲ ಹೋಗ್ಲೇಬೇಕಾ? ಮೊದ್ಲು ಡಾಕ್ಟರಿಗೆ ತೋರಿಸ್ಕೋ," ಅಂದಿದ್ದಳು ಮಗಳು. ಸಿಸ್ಟರ್ ನಕ್ಕು ಹಾರಿಸಿದ್ದರು. ಪಾತ್ರೆ ಯಾರು ಸೀಯಿಸುವುದಿಲ್ಲ? ಎಣಿಕೆ ತಪ್ಪಿದರೆ ಮಾತ್ರ ತನ್ನ ತಲೆ ಕೈಕೊಟ್ಟಿದೆ ಎಂದು ಒಳಗೊಳಗೇ ಗೆರೆ ಎಳೆದುಕೊಂಡಿದ್ದರು.

"ಬಿಚ್ಚಿ ನೋಡಿ," ಅಂದರು.

"ಮತ್ತೆ ಕೂಲಂಟೆಲ್ಲ ಇಳಿಸ್ಬೇಕು. ಮಧ್ಯಾಹ್ನ ಪೂರ್ತಿ ಅದಕ್ಕೇ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲಲ್ವಾ?"

"ಎಂಟು ಅಂದ್ರೆ ಎಂಟು."

ಮೇಸ್ತ್ರಿ ತೆವಳಿ ಹೊರಗೆ ಬಂದರು. ಬೈಯಲು ಬಾಯಿ ತೆರೆದವರು ಹೆಂಡತಿಯ ಮುಖ ನೋಡಿ ಸ್ಪ್ಯಾನರನ್ನು ಕೆಳಗಿಟ್ಟರು. ಸಿಸ್ಟರ್ ಏಳು ಬಟ್ಟೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ಮತ್ತೆ ಎಣಿಸುತ್ತಿದ್ದರು.

"ಹೋಗಿ ಟೀ ಮಾಡ್ಕೊಂಡು ಬಾ. ಅಷ್ಟರಲ್ಲಿ ನೋಡ್ತೀನಿ."

ಸಿಸ್ಟರ್ ಅಡುಗೆಮನೆಯಲ್ಲಿ ಒಲೆಯ ಮುಂದಿಂದ ಕದಲಲಿಲ್ಲ. ಬಟ್ಟೆ ಸಿಗಲಪ್ಪ ಎಂದು ಬೇಡಿಕೊಂಡರು. ಸಿಕ್ಕರೆ ಮರೆವು ಗಂಡನದ್ದು ಎಂದಾಗುತ್ತದೆ. ಅದು ಗೊತ್ತಿದ್ದೂ ಬೇಡಿಕೊಂಡರು.

ಟೀ ತಂದಾಗ ಮೇಸ್ತ್ರಿ ಹಸಿರು ಕೂಲಂಟು ತೊಟ್ಟಿಕ್ಕುವ ಬಟ್ಟೆಯೊಂದನ್ನು ಹಿಡಿದು ಕೂತಿದ್ದರು.

"ಸಿಕ್ತು. ರೇಡಿಯೇಟರ್ ಬಾಯಲ್ಲೇ ಕೂತಿತ್ತು. ನಂದೇ ತಪ್ಪು. ನೀನು ಹಟ ಮಾಡ್ದೆ ಇದ್ದಿದ್ರೆ ದಾರೀಲಿ ಇಂಜಿನ್ ಸುಟ್ಟು ಹೋಗ್ತಿತ್ತು."

ಸಿಸ್ಟರ್‌ಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. "ವಯಸ್ಸಾಯ್ತು ನಿಮಗೆ," ಅಂದರು ಮೆಲ್ಲಗೆ.

"ಆಯ್ತು ಮತ್ತೆ," ಅಂದರು ಮೇಸ್ತ್ರಿ.

ಜಗಳವಿಲ್ಲದೆ ಆ ಮನುಷ್ಯ ತಪ್ಪು ಒಪ್ಪಿಕೊಂಡದ್ದು ಮದುವೆಯಾದಂದಿನಿಂದ ಇದೇ ಮೊದಲು. ಗೆದ್ದ ಖುಷಿಯಲ್ಲಿ ಸಿಸ್ಟರ್‌ಗೆ ಅದು ಹೊಳೆಯಲಿಲ್ಲ.

ಮೇಸ್ತ್ರಿ ಮತ್ತೆ ಪೈಪಿನ ಕ್ಲ್ಯಾಂಪು ಬಿಗಿಯತೊಡಗಿದರು. ಸಿಸ್ಟರ್ ಹಾಸಿಗೆ ಸರಿಮಾಡಲು ವ್ಯಾನಿನೊಳಗೆ ಹತ್ತಿದರು. ನೀಲಿ ಗೆರೆಯ ದಿಂಬಿನ ಚೀಲಗಳು ಮೊದಲು ಒಂದು ಜೋಡಿ ಇದ್ದವು. ಪೈಪಿನ ಬಟ್ಟೆಗಾಗಿ ಬೆಳಿಗ್ಗೆ ತಾವು ಹರಿದದ್ದು ಅದರಲ್ಲಿ ಒಂದನ್ನು. ಇನ್ನೊಂದು ಗಂಡನ ದಿಂಬಿಗಿತ್ತು. ಆ ದಿಂಬನ್ನು ಎತ್ತಿದರೆ, ಗೋಡೆಯ ಕಡೆ ತಿರುಗಿಸಿಟ್ಟ ತುದಿಯಲ್ಲಿ ಒಂದು ಗೇಣು ಬಟ್ಟೆ ಇರಲಿಲ್ಲ. ಹರಿದ ಅಂಚಿನಲ್ಲಿ ಗ್ರೀಸಿನ ಹೆಬ್ಬೆರಳ ಗುರುತು ಇನ್ನೂ ಹಸಿಯಾಗಿತ್ತು.

ಸಿಸ್ಟರ್ ಹಾಸಿಗೆಯ ಮೇಲೆ ಕೂತರು. ಹಾಗಾದರೆ ತಾನು ಹರಿದದ್ದು ಏಳೇ. ಪೈಪಿನೊಳಗೆ ಏನೂ ಇರಲಿಲ್ಲ. ಏಳು ಸಾಕು, ಒಂದಕ್ಕೆ ಮುಚ್ಚಳ ಇದೆ ಎಂದು ಗಂಡ ಬೆಳಿಗ್ಗೆ ಹೇಳಿಯೇ ಇದ್ದರು. ಕಣ್ಣು ಮುಚ್ಚಿ ಆ ಮಾತಿಗಾಗಿ ಹುಡುಕಿದರು. ಬೆಳಗಿನ ತಿಂಡಿ ಸಿಕ್ಕಿತು, ಕತ್ತರಿ ಸಿಕ್ಕಿತು, ಆ ಮಾತು ಸಿಗಲಿಲ್ಲ. ಭಯವಾಯಿತು, ಕತ್ತಲಲ್ಲಿ ಮೆಟ್ಟಿಲು ತಪ್ಪಿದಾಗ ಆಗುವಂಥ ಭಯ. ಕೆಳಗೆ ಸ್ಪ್ಯಾನರಿನ ಸದ್ದು ಕೇಳುತ್ತಿತ್ತು. ತನ್ನ ಮರೆವನ್ನು ತಲೆಯ ಮೇಲೆ ಹೊತ್ತುಕೊಂಡು ಆ ಮನುಷ್ಯ ನೆಲಕ್ಕೆ ಬೆನ್ನು ಕೊಟ್ಟು ಮಲಗಿದ್ದಾನಲ್ಲ ಎಂದು ಕಣ್ಣು ತುಂಬಿ ಬಂತು.

"ಸಿಸ್ಟರ್, ಮುಂದಕ್ಕೆ ಬಾ."

ಇಂಜಿನ್ ಶುರುವಾಗಿತ್ತು. ಇನ್ನು ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವುದು. ಗಾಳಿ ಒಳಗೇ ಉಳಿದರೆ ಇಂಜಿನ್ ಕುದಿಯುತ್ತಿದ್ದರೂ ಬಿಸಿ ತೋರಿಸುವ ಮೀಟರಿನ ಮುಳ್ಳು ತಣ್ಣಗಿದೆ ಎಂದೇ ತೋರಿಸಬಹುದು, ನಂಬುವ ಹಾಗಿಲ್ಲ. ಒಬ್ಬರು ಹಿಂದೆ ಕೂಲಂಟು ಸುರಿಯಬೇಕು, ಇನ್ನೊಬ್ಬರು ಮುಂದೆ ರೇಡಿಯೇಟರಿನ ಮೇಲೆ ಅಂಗೈ ಇಟ್ಟು ಬಿಸಿ ಬಂದದ್ದನ್ನು ಹೇಳಬೇಕು.

ಸಿಸ್ಟರ್ ಅಂಗೈ ಇಟ್ಟರು. "ರೀ," ಅಂದರು.

"ಹೇಳು."

"ಏಳೇ ಇತ್ತು."

ಹಿಂದೆ ಮೇಸ್ತ್ರಿ ಕೂಲಂಟಿನ ಡಬ್ಬಿಯನ್ನು ಕೆಳಗಿಟ್ಟ ಸದ್ದಾಯಿತು.

"ಊರು ಸುತ್ತಿ ಬಂದ್ಮೇಲೆ ಡಾಕ್ಟರಿಗೆ ತೋರಿಸ್ಬೇಕು," ಅಂದರು ಸಿಸ್ಟರ್.

"ತೋರಿಸೋಣ. ಬಿಸಿ ಬಂತಾ?"

"ಮೇಲೆ ಬಂತು. ಕೆಳಗೆ ಇನ್ನೂ ಇಲ್ಲ."

"ಕಾಯ್ತೀನಿ."

ಸಿಸ್ಟರ್ ಒಂದೊಂದೇ ಮೂಲೆಗೆ ಕೈ ಸರಿಸಿದರು. ಬಹಳ ಹೊತ್ತಿನ ಮೇಲೆ ಎಡಗಡೆ ಬೆಚ್ಚಗಾಯಿತು, ಆಮೇಲೆ ಕೆಳಗಿನ ಅಂಚು. ಸಾಲದೆಂದು ಮೊದಲಿನಿಂದ ಇನ್ನೊಮ್ಮೆ ಮುಟ್ಟಿ ನೋಡಿದರು.

"ಈಗ ಬಂತು," ಅಂದರು.

"ಪೂರ್ತಿನಾ?"

"ಪೂರ್ತಿ."

ಹಿಂದೆ ಮುಚ್ಚಳ ತಿರುಗಿಸಿ ಬಿಗಿದ ಸದ್ದು ಕೇಳಿಸಿತು. ಮೇಸ್ತ್ರಿ ಮುಂದೆ ಬಂದು ಮುಟ್ಟಿ ನೋಡಲಿಲ್ಲ. ಇಂಜಿನ್ ಆರಿಸಿ, ಕೈ ಒರೆಸಿಕೊಂಡು, ಸ್ಪ್ಯಾನರುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದರು.